ಬೇಟೆಗಾರನ ಋಣ

ಬಸವನ ಬಾಗೇವಾಡಿಯ ಬಸ್ ನಿಲ್ದಾಣದಲ್ಲಿ ಒಂದು ಸಂಜೆ ವಿಜಯಪುರದ ಬಸ್ಸಿಗಾಗಿ ಕಾಯುತ್ತ ಕುಳಿತಿದ್ದೆ. ನನ್ನ ವಿದ್ಯಾರ್ಥಿಯೊಬ್ಬ ಬಂದು ನಮಸ್ಕರಿಸಿ ಪಕ್ಕದಲ್ಲಿ ನಿಂತ. ಅವನ ಕೈಯಲ್ಲಿ ದಪ್ಪನೆಯ ಇಂಗ್ಲಿಷ್ ಕಾದಂಬರಿಯೊಂದಿತ್ತು. ಮುಖಪುಟದ ಮೇಲೆ ಹೆಲಿಕಾಪ್ಟರು, ಹೊಗೆ, ಬಂದೂಕು ಹಿಡಿದ ಮೂವರು ಸೈನಿಕರು. ತರಗತಿಯಲ್ಲಿ ಇಂಗ್ಲಿಷ್ ಪಾಠವೆಂದರೆ ತಲೆ ತಗ್ಗಿಸುವ ಹುಡುಗ, ನಿಘಂಟಿನ ಹಂಗೂ ಇಲ್ಲದೆ ಎರಡೇ ರಾತ್ರಿಯಲ್ಲಿ ಮುನ್ನೂರು ಚಿಲ್ಲರೆ ಪುಟಗಳನ್ನು ಮುಗಿಸಿದ್ದನಂತೆ. ಕಥೆ ಹೇಗಿದೆ ಎಂದೆ. "ಒಮ್ಮೆ ಹಿಡದ್ರ ಬಿಡಾಕ ಆಗೂದಿಲ್ರಿ ಸರ" ಎಂದ. ಎಷ್ಟು ಮಂದಿ ಸತ್ತರಪ್ಪ ಇದರಲ್ಲಿ, ಎಂದು ನಗುತ್ತ ಕೇಳಿದೆ. ಅವನೂ ನಕ್ಕ. "ಎಣಿಸಿಲ್ರಿ" ಎಂದ.

ಮಾತು ಅಲ್ಲಿಗೇ ಮುಗಿಯಬಹುದಾಗಿತ್ತು. ಆದರೆ ಬಸ್ಸು ಹೊರಟು ಊರು ಹಿಂದೆ ಬಿದ್ದ ಮೇಲೂ ಆ ಉತ್ತರ ನನ್ನ ಮನಸ್ಸಿನಿಂದ ಏಳಲಿಲ್ಲ. ಹುಡುಗನನ್ನು ದೂರುವ ಅಧಿಕಾರ ನನಗಿಲ್ಲ. ಅವನ ವಯಸ್ಸಿನಲ್ಲಿ ನಾನು ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಸಾಹಸಗಳನ್ನು ಪಠ್ಯಪುಸ್ತಕದ ನಡುವೆ ಬಚ್ಚಿಟ್ಟು ಓದಿದವನು. ಮೊದಲ ಅಧ್ಯಾಯದಲ್ಲಿ ಒಂದು ಹೆಣ ಬೀಳದಿದ್ದರೆ ಬೇಸರಪಟ್ಟವನು. ಆದರೆ ಈ ಹುಡುಗನ ಸಂಗತಿ ಅದಕ್ಕಿಂತ ತೂಕದ್ದು. ಅವನು ಸೈನ್ಯ ಸೇರಬೇಕೆಂದು ಪಣ ತೊಟ್ಟಿದ್ದಾನೆ. ಬೆಳಗಿನ ಜಾವ ಎದ್ದು ಮುದ್ದೇಬಿಹಾಳದ ರಸ್ತೆಯಲ್ಲಿ ಓಡುತ್ತಾನೆ. ಅವನ ತಂದೆ ನಮ್ಮ ಓಣಿಯವರೇ. ಹವಾಲ್ದಾರರಾಗಿ ನಿವೃತ್ತರಾಗಿ ಬಂದು ಎರಡೆಕರೆ ತೊಗರಿ ಹೊಲ ನೋಡಿಕೊಂಡಿರುವವರು. ಆ ಮನೆಯಲ್ಲಿ ಯುದ್ಧದ ಮಾತು ಬರುವುದಿಲ್ಲ. ಮಗ ಯುದ್ಧವನ್ನು ಕಲಿಯುತ್ತಿರುವುದು ತಂದೆಯಿಂದಲ್ಲ, ಈ ಪುಸ್ತಕಗಳಿಂದ.

ಪ್ರಶ್ನೆ ಹೀಗೆ ಎದುರಿಗೆ ನಿಲ್ಲುತ್ತದೆ: ಮನುಷ್ಯರು ಮನುಷ್ಯರನ್ನು ಕೊಲ್ಲುವುದನ್ನು ಓದುಗನ ರೋಮಾಂಚಕ್ಕಾಗಿ ಬರೆಯುವುದು ಸರಿಯೆ? ಸರಿ ಎನ್ನುವುದಾದರೆ ಯಾವ ಕಟ್ಟಳೆಗೆ ಒಳಪಟ್ಟು ಸರಿ?

ಸುಲಭದ ಉತ್ತರಗಳು ಎರಡುಂಟು. ಒಂದು, ಇಂಥ ಪುಸ್ತಕಗಳೆಲ್ಲ ಕೀಳು, ಹುಡುಗರ ಕೈಗೆ ಕೊಡಕೂಡದು ಎಂಬುದು. ಈ ಮಾತನ್ನು ಪೂರ್ತಿ ನಂಬಿದರೆ ಮಹಾಭಾರತವನ್ನೂ ಕಪಾಟಿನಲ್ಲಿಟ್ಟು ಬೀಗ ಹಾಕಬೇಕಾದೀತು. ಎರಡನೆಯದು, ಕಥೆ ಕಥೆಯೇ ಹೊರತು ಮತ್ತೇನಲ್ಲ, ಕಾಗದದ ಮೇಲೆ ಸತ್ತವನಿಗೆ ಸೂತಕವಿಲ್ಲ ಎಂಬುದು. ಇದೂ ಪೂರ್ತಿ ನಿಜವಲ್ಲ. ಕಾಗದದ ಮೇಲಿನದು ಏನೂ ಮಾಡಲಾರದು ಎನ್ನುವುದಾದರೆ ನಾವು ವಚನಗಳನ್ನೇಕೆ ಓದಿಸಬೇಕು? ಕರುಣೆಯಿಲ್ಲದ ನೇಮವನ್ನು ಒಪ್ಪದ ಬಸವಣ್ಣನವರು ಹುಟ್ಟಿದ ಊರಿನಲ್ಲಿ ಕುಳಿತು, ಮಾತಿಗೆ ಬಲವಿಲ್ಲವೆಂದು ಹೇಳಲು ನನಗಂತೂ ಬಾಯಿ ಬಾರದು.

ಇಂಥ ಪ್ರಶ್ನೆಯನ್ನು ಬರಿಯ ತರ್ಕದಲ್ಲಿ ಎಳೆದಾಡುವುದಕ್ಕಿಂತ ಒಬ್ಬ ಮನುಷ್ಯನ ಬಾಳನ್ನು ಎದುರಿಗಿಟ್ಟುಕೊಂಡು ಯೋಚಿಸುವುದು ಮೇಲು. ಅದಕ್ಕೆ ಸಮುದ್ರ ದಾಟಬೇಕಾಗಿಲ್ಲ. ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲೂಕಿನ ಜಗಲಬೇಟದಲ್ಲಿ, ಕಾಡಿನ ನಡುವಿನ ಒಂದು ಬಂಗಲೆಯಲ್ಲಿ, ಮನೋಹರ ಮಳಗಾಂವಕರರು ಬಹುಕಾಲ ಬಾಳಿದರು. 1913ರಲ್ಲಿ ಹುಟ್ಟಿ, 2010ರ ಜೂನ್ ತಿಂಗಳಲ್ಲಿ ತೀರಿಕೊಂಡವರು. ತೊಂಬತ್ತಾರು ವರ್ಷದ ತುಂಬು ಬಾಳು. ಬರೆದದ್ದು ಇಂಗ್ಲಿಷಿನಲ್ಲಿ. ಅದರಿಂದಲೇ ಏನೋ, ನಮ್ಮ ರಾಜ್ಯದಲ್ಲೇ ಇದ್ದರೂ ಕನ್ನಡ ಓದುಗರಲ್ಲಿ ಅವರ ಹೆಸರು ಬಲ್ಲವರು ಕಡಿಮೆ.

ಅವರ ಆಸಕ್ತಿಗಳ ಪಟ್ಟಿಯೇ ಒಂದು ಕಾದಂಬರಿಯಂತಿದೆ. ಮುಂಬಯಿ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್, ಸಂಸ್ಕೃತ ಓದಿ ಪದವಿ ಪಡೆದ ತರುಣ ಮೊದಲು ಹಿಡಿದ ವೃತ್ತಿ ದೊಡ್ಡ ಪ್ರಾಣಿಗಳ ಬೇಟೆ. ಇತರರಿಗೆ ಶಿಕಾರಿ ಏರ್ಪಡಿಸಿಕೊಡುವ ಕೆಲಸ. ಬಳಿಕ ಕಂಟೋನ್ಮೆಂಟಿನ ಅಧಿಕಾರಿ. ಎರಡನೆಯ ಮಹಾಯುದ್ಧದ ಕಾಲಕ್ಕೆ ಸೈನ್ಯ ಸೇರಿ, ಮರಾಠಾ ಲೈಟ್ ಇನ್‌ಫಂಟ್ರಿಯಲ್ಲಿ ಲೆಫ್ಟಿನೆಂಟ್ ಕರ್ನಲ್ ಪದವಿಯವರೆಗೆ ಏರಿದರು. ಆ ದಳದ ಕೇಂದ್ರ ಬೆಳಗಾವಿಯಲ್ಲಿದೆ ಎಂಬುದನ್ನು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಸೈನ್ಯ ಬಿಟ್ಟ ಮೇಲೆ ಮ್ಯಾಂಗನೀಸ್ ಗಣಿ ನಡೆಸಿದರು, ಒಕ್ಕಲುತನ ಮಾಡಿದರು, ಲೋಕಸಭೆಯ ಚುನಾವಣೆಗೆ ನಿಂತು ಸೋತರು. ಇಷ್ಟೆಲ್ಲದರ ನಡುವೆ ಲೇಖಕರಾದರು. ಮರಾಠಾ ನೌಕಾಧಿಪತಿ ಕಾನ್ಹೋಜಿ ಆಂಗ್ರೆಯ ಚರಿತ್ರೆ 1959ರಲ್ಲಿ, ಸೈನ್ಯದ ಬಾಳನ್ನೇ ವಸ್ತುವಾಗಿಟ್ಟ 'ಡಿಸ್ಟಂಟ್ ಡ್ರಮ್' ಕಾದಂಬರಿ 1960ರಲ್ಲಿ ಹೊರಬಂದವು. ಮುಂದೆ ಕಾದಂಬರಿಗಳ ಸಾಲೇ ಬಂದಿತು. ಅದರಲ್ಲಿ 'ಸ್ಪೈ ಇನ್ ಆಂಬರ್', 'ಬ್ಯಾಂಡಿಕೂಟ್ ರನ್' ಎಂಬ ಶುದ್ಧ ಕುತೂಹಲದ ಕಥೆಗಳೂ ಉಂಟು. ಸಮಾಜವನ್ನು ತಿದ್ದಲು ಬರೆಯುತ್ತೇನೆಂದು ಅವರು ಹೇಳಿಕೊಂಡವರಲ್ಲ. ಘಟನೆ ಬೇಕು, ತಿರುವು ಬೇಕು, ಕಥೆಯನ್ನು ಚೆನ್ನಾಗಿ ಹೇಳಬೇಕು ಎಂಬುದು ಅವರ ಹಟ.

ಹುಲಿಯನ್ನು ಕೊಂದವರು, ಸೈನ್ಯದಲ್ಲಿ ದುಡಿದವರು, ಕೊಲೆಯ ಕಥೆಗಳನ್ನು ಬರೆದವರು. ನಮ್ಮ ಪ್ರಶ್ನೆಗೆ ಇವರಿಗಿಂತ ತಕ್ಕ ಮನುಷ್ಯ ಸಿಕ್ಕಲಾರ. ಇನ್ನೊಂದು ಮಾತನ್ನೂ ಸೇರಿಸಬೇಕು. ಬೇಟೆಯಿಂದ ಬಾಳು ಆರಂಭಿಸಿದ ಈ ಮನುಷ್ಯ ಮುಂದೆ ಬೇಟೆಯನ್ನು ಬಿಟ್ಟುಬಿಟ್ಟರು. ಕಾಡುಪ್ರಾಣಿಗಳ ರಕ್ಷಣೆಯ ಪಕ್ಷ ವಹಿಸಿ ನಿಂತರು. ಅವರ ಮನೆಯ ಸುತ್ತಿನ ಸೀಮೆಯ ಕಾಡು ಇಂದು ಕಾಳಿ ಹುಲಿ ಸಂರಕ್ಷಿತ ಪ್ರದೇಶವೆಂಬ ಹೆಸರು ಪಡೆದಿದೆ. ಬಂದೂಕು ಕೆಳಗಿಟ್ಟರೂ ಅವರು ಲೇಖನಿಯನ್ನು ಕೆಳಗಿಡಲಿಲ್ಲ. ಲೇಖನಿಯಿಂದ ಸಾಯುವವರು ಸಾಯುತ್ತಲೇ ಇದ್ದರು. ಇದು ವಿರೋಧವೆ? ಮೊದಲು ನನಗೂ ಹಾಗೆಯೇ ತೋರಿತು. ಯೋಚಿಸುತ್ತ ಹೋದಂತೆ, ಬೇಟೆಗಾರರಲ್ಲಿ ಇರುವ ಒಂದು ಹಳೆಯ ಕಟ್ಟಳೆ ನೆನಪಿಗೆ ಬಂದಿತು.

ಕಟ್ಟಳೆ ಇಷ್ಟು: ಗಾಯಗೊಳಿಸಿದ ಪ್ರಾಣಿಯನ್ನು ಬಿಟ್ಟು ಬರಕೂಡದು. ಗುಂಡು ತಗಲಿಯೂ ಸಾಯದೆ ಹುಲಿ ಪೊದೆಯೊಳಗೆ ನುಗ್ಗಿತೋ, ಹೊಡೆದವನು ಎಲೆಯ ಮೇಲಿನ ನೆತ್ತರ ಹನಿಗಳನ್ನು ನೋಡುತ್ತ, ಕಾಲ್ನಡಿಗೆಯಲ್ಲಿ, ಅದರ ಹಿಂದೆ ಹೋಗಬೇಕು. ಕೆನೆತ್ ಆಂಡರ್ಸನ್ನನ ಬೇಟೆಯ ಅನುಭವಗಳನ್ನು ಪೂರ್ಣಚಂದ್ರ ತೇಜಸ್ವಿಯವರ ಕನ್ನಡದಲ್ಲಿ ಓದಿದವರಿಗೆ ಈ ನಡಿಗೆಯ ಭಯ ಗೊತ್ತು. ಈ ಕಟ್ಟಳೆಗೆ ಕಾರಣಗಳು ಎರಡು. ಮೊದಲನೆಯದು ದಯೆ: ನೋವಿನಲ್ಲಿ ನರಳುವ ಜೀವವನ್ನು ಹಾಗೆಯೇ ಬಿಡಬಾರದು. ಎರಡನೆಯದು ಊರವರ ಕ್ಷೇಮ: ಗಾಯಗೊಂಡು ಬೇಟೆಯಾಡಲಾರದ ಪ್ರಾಣಿ ದನಗಾಹಿಯ ಮೇಲೆ, ಸೌದೆಗೆ ಹೋದ ಹೆಂಗಸಿನ ಮೇಲೆ ಬೀಳಬಹುದು. ಗುಂಡು ಹಾರಿಸಿದವನು ಸಾಹೇಬ; ಸಾಯುವವರು ಬಡವರು. ಆದ್ದರಿಂದ ಗುಂಡು ಹಾರಿಸಿದ ಗಳಿಗೆಯಿಂದಲೇ ಬೇಟೆಗಾರನ ಮೇಲೆ ಒಂದು ಋಣ ಏರುತ್ತದೆ. ಅದನ್ನು ತೀರಿಸುವವರೆಗೆ ಬಿಡಾರಕ್ಕೆ ಬಂದು ಚಹಾ ಕುಡಿಯುವಂತಿಲ್ಲ.

ಮಳಗಾಂವಕರರ ಒಳ್ಳೆಯ ಪುಸ್ತಕಗಳನ್ನು ಈ ಕಟ್ಟಳೆಯ ಬೆಳಕಿನಲ್ಲಿ ಓದಿದರೆ ಅವು ಬೇರೆಯಾಗಿ ಕಾಣುತ್ತವೆ. 'ಕಾಂಬ್ಯಾಟ್ ಆಫ್ ಶ್ಯಾಡೋಸ್' 1962ರ ಕಾದಂಬರಿ. ಅಸ್ಸಾಮಿನ ಚಹಾ ತೋಟದ ಆಂಗ್ಲ ಮ್ಯಾನೇಜರನ ಕಥೆ. ತನ್ನ ಹೆಂಡತಿಯ ಪ್ರಿಯಕರನನ್ನು ಆತ ಪುಂಡಾನೆಯ ಬೇಟೆಗೆ ಕಳಿಸುತ್ತಾನೆ. ಹಾರದ ತೋಟಾಗಳೆಂದು ತಿಳಿದೂ ಅವನ್ನೇ ಕೊಟ್ಟು ಕಳಿಸುತ್ತಾನೆ. ಕೊಂದದ್ದು ಆನೆ, ಕೈ ತೊಳೆದುಕೊಂಡದ್ದು ಈತ. ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಆ ಪಾಪ ಆತನ ಬೆನ್ನು ಹತ್ತಿ ಆತನನ್ನೂ ಮುಗಿಸುತ್ತದೆ. ಮುಂದಿನ ವರ್ಷದ 'ದಿ ಪ್ರಿನ್ಸಸ್' ಕಾದಂಬರಿಯಲ್ಲಿ ಬೇಗವಾಡ್ ಎಂಬೊಂದು ಸಂಸ್ಥಾನ. ಹೆಸರು ನಮ್ಮ ಊರಿನದರಂತೆ ಕೇಳಿಸಿದರೂ ಅದು ಲೇಖಕರ ಕಲ್ಪನೆಯ ರಾಜ್ಯ. ಸಂಸ್ಥಾನ ಕೈಬಿಟ್ಟು ಹೋದ ಮೇಲೆ ಅಲ್ಲಿನ ಮಹಾರಾಜ ಗಾಯಗೊಂಡ ಹುಲಿಯೊಂದರ ಎದುರಿಗೆ ಹೋಗಿ ಪ್ರಾಣ ಬಿಡುತ್ತಾನೆ. ಆತನ ದರ್ಪವನ್ನು ನಾವು ಒಪ್ಪದೆ ಇರಬಹುದು; ಆದರೆ ಬೇಟೆಗಾರರ ಕಟ್ಟಳೆಗೆ ತಲೆಬಾಗಿ ಸತ್ತನೆಂಬುದನ್ನು ಅಲ್ಲಗಳೆಯಲಾಗದು.

ಮನುಷ್ಯರ ಬೇಟೆಯ ಕಥೆ 'ಎ ಬೆಂಡ್ ಇನ್ ದಿ ಗ್ಯಾಂಜಸ್'. 1964ರಲ್ಲಿ ಬಂದ ಇದು ದೇಶವಿಭಜನೆಯ ಕಾಲದ ಕಾದಂಬರಿ. ಗಾಂಧೀಜಿಯ ಅಹಿಂಸೆಯನ್ನು ನೆಚ್ಚಿದ ಗ್ಯಾನ್ ಎಂಬ ಯುವಕ, ಅಣ್ಣನ ಕೊಲೆಗೆ ಸೇಡು ತೀರಿಸಿಕೊಳ್ಳಲು ಕೊಡಲಿ ಎತ್ತುತ್ತಾನೆ. ಅಂಡಮಾನಿನ ಸೆರೆಗೆ ಹೋಗುತ್ತಾನೆ. ಅಹಿಂಸೆ ಧೀರನ ವ್ರತವೋ, ಕೈಲಾಗದವನ ಹೊದಿಕೆಯೋ ಎಂಬ ಪ್ರಶ್ನೆಯನ್ನು ಸೈನಿಕನೊಬ್ಬ ಕೇಳುತ್ತಿರುವುದು ಇಲ್ಲಿ ಸ್ಪಷ್ಟ. ಆದರೆ ಹಿಂಸೆಯ ಪಕ್ಷಕ್ಕೂ ಆತ ಗೆಲುವನ್ನು ಕೊಡುವುದಿಲ್ಲ. ಬ್ರಿಟಿಷರ ವಿರುದ್ಧ ಬಾಂಬು ಕಟ್ಟುತ್ತಿದ್ದ ಹಿಂದು ಮುಸ್ಲಿಂ ಗೆಳೆಯರು ಕಡೆಗೆ ಒಬ್ಬರಿಗೊಬ್ಬರು ಹಗೆಗಳಾಗುತ್ತಾರೆ. 1947ರ ಗಲಭೆಯಲ್ಲಿ ಒಳ್ಳೆಯವರೂ ಕೆಟ್ಟವರೂ ಒಂದೇ ಬೆಂಕಿಗೆ ಬೀಳುತ್ತಾರೆ. ಮೊದಲ ಅಧ್ಯಾಯಗಳಲ್ಲಿ ಬಿದ್ದ ಏಟುಗಳೆಲ್ಲ ಕಡೆಯ ಅಧ್ಯಾಯಗಳವರೆಗೂ ನೆತ್ತರ ಹನಿ ಉದುರಿಸಿಕೊಂಡೇ ಬರುತ್ತವೆ.

'ಡಿಸ್ಟಂಟ್ ಡ್ರಮ್'ನಲ್ಲಿಯೂ ಇಂಥದೇ ಒಂದು ಸಂಗತಿಯಿದೆ. ಕಿರಣ್ ಗರುಡ, ಅಬ್ದುಲ್ ಜಮಾಲ್ ಒಂದೇ ದಳದಲ್ಲಿ ಬೆಳೆದ ಗೆಳೆಯರು. ದೇಶ ಎರಡಾದಾಗ ದಳವೂ ಎರಡಾಯಿತು. ಮುಂದೆ ಕಾಶ್ಮೀರದ ಕದನವಿರಾಮ ರೇಖೆಯ ಈ ಬದಿಗೊಬ್ಬ, ಆ ಬದಿಗೊಬ್ಬ. ಇಬ್ಬರೂ ಭೇಟಿಯಾಗುತ್ತಾರೆ, ಹಳೆಯ ಗೆಳೆತನದ ಹೆಸರಿನಲ್ಲಿ ಒಟ್ಟಿಗೆ ಕುಳಿತು ಕುಡಿಯುತ್ತಾರೆ. ಸೈನ್ಯದ ಶಿಸ್ತು ಇದನ್ನು ಮೆಚ್ಚಲಾರದು. ಆದರೆ ಶತ್ರುವಿಗೂ ಒಂದು ಹೆಸರುಂಟು, ಅವನೂ ನಿನ್ನೆ ನನ್ನೊಡನೆ ಉಂಡವನು ಎಂಬುದನ್ನು ಇದಕ್ಕಿಂತ ಸರಳವಾಗಿ ಹೇಳಲು ಸಾಧ್ಯವಿಲ್ಲ.

ಅವರ ಎಲ್ಲ ಪುಸ್ತಕಗಳೂ ಈ ಒರೆಗಲ್ಲಿಗೆ ನಿಲ್ಲುತ್ತವೆ ಎಂದರೆ ತಪ್ಪಾದೀತು. ಗೂಢಚಾರರ ಕಥೆಗಳಲ್ಲಿ ವೇಗವೇ ಮುಖ್ಯ. ಇನ್ನು 1978ರಲ್ಲಿ ಬಂದ 'ದಿ ಮೆನ್ ಹೂ ಕಿಲ್ಡ್ ಗಾಂಧಿ' ನನ್ನನ್ನು ಬೇರೆ ಬಗೆಯಲ್ಲಿ ಕಾಡಿದ ಪುಸ್ತಕ. ಇದು ಕಾದಂಬರಿಯಲ್ಲ. ಶಿಕ್ಷೆ ಅನುಭವಿಸಿ 1964ರಲ್ಲಿ ಹೊರಬಂದ ಅಪರಾಧಿಗಳನ್ನು ಕಂಡು, ಕೇಳಿ, 1948ರ ಜನವರಿ 30ರ ಆ ಸಂಜೆಯವರೆಗಿನ ಒಂದೊಂದು ಪ್ರಯಾಣ, ಒಂದೊಂದು ಪಿಸ್ತೂಲಿನ ಜಾಡನ್ನು ಬೇಟೆಗಾರನ ಕಣ್ಣಿನಿಂದ ಹಿಡಿದು ಬರೆದದ್ದು. ಅದನ್ನು ಓದುತ್ತಿದ್ದ ರಾತ್ರಿ, ಸಂಚುಗಾರರು ಊರಿಂದೂರಿಗೆ ಆತುರದಿಂದ ಓಡಾಡುತ್ತಿರುವ ಪುಟದಲ್ಲಿ, ಒಂದು ಕ್ಷಣ ನನಗೆ ಅವರ ಕೆಲಸ ಎಲ್ಲಿ ಕೆಟ್ಟೀತೋ ಎಂಬ ಕಾತರ ಹುಟ್ಟಿತು. ಪುಸ್ತಕ ಮುಚ್ಚಿಟ್ಟೆ. ಗಾಂಧೀಜಿಯ ಪಟ ಗೋಡೆಯ ಮೇಲಿರುವ ಮನೆಯಲ್ಲಿ ಕುಳಿತು ನಾನು ಯಾರ ಗೆಲುವನ್ನು ಬಯಸಿದ್ದೆ? ಕಥೆಯ ಬಲ ಇಷ್ಟು. ಅದು ನಮ್ಮನ್ನು ಓಡುತ್ತಿರುವವನ ಕಾಲಿಗೆ ಕಟ್ಟಿಬಿಡುತ್ತದೆ. ಆತ ಎಲ್ಲಿಗೆ ಓಡುತ್ತಿದ್ದಾನೆಂಬುದನ್ನು ಮರೆಸುತ್ತದೆ. ಲೇಖಕ ಸಂಚನ್ನು ಮುಚ್ಚಿಡಲಿಲ್ಲ, ಮರೆತವನು ನಾನು. ಆದ್ದರಿಂದ ಋಣ ಬರೆದವನ ಮೇಲೆ ಮಾತ್ರವಲ್ಲ, ಓದಿದವನ ಮೇಲೂ ಇದೆ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಸತ್ತವರೆಲ್ಲರ ಮನೆಗೂ ಹೋಗಿ ಬರುತ್ತ ಕುಳಿತರೆ ಕಥೆ ಮುಂದೆ ಸಾಗುವುದು ಹೇಗೆ? ನ್ಯಾಯವಾದ ಮಾತೇ. ಆದರೆ ಎಲ್ಲರ ಮನೆಗೂ ಹೋಗಬೇಕೆಂದು ಯಾರೂ ಕೇಳುತ್ತಿಲ್ಲ. ಹೇಗೆ ಹೋಗಬೇಕೆಂಬುದನ್ನು ನಮ್ಮವನೇ ಒಬ್ಬ ತೋರಿಸಿದ್ದಾನೆ. ಬಾಗಲಕೋಟೆ 1997ರಲ್ಲಿ ಬೇರೆ ಜಿಲ್ಲೆಯಾಗುವ ಮುನ್ನ ನಮ್ಮ ಜಿಲ್ಲೆಯಲ್ಲೇ ಇದ್ದ ಮುಧೋಳದ ರನ್ನ, ಹತ್ತನೆಯ ಶತಮಾನದ ಕವಿ. ಅವನ 'ಗದಾಯುದ್ಧ' ಹೆಸರಿಗೆ ತಕ್ಕಂತೆ ಹೋರಾಟದ ಕಾವ್ಯ. ಓದುಗನ ನರ ಬಿಗಿಸುವ ಕಲೆ ಅವನಿಗೆ ಚೆನ್ನಾಗಿ ಗೊತ್ತು. ಆದರೆ ಗದೆ ಏಳುವ ಮುಂಚೆ ಅವನು ದುರ್ಯೋಧನನನ್ನು ಹೆಣಗಳ ನಡುವೆ ನಡೆಸುತ್ತಾನೆ. ದ್ರೋಣ, ತಮ್ಮ ದುಶ್ಶಾಸನ, ಮಗ ಲಕ್ಷಣಕುಮಾರ, ಗೆಳೆಯ ಕರ್ಣ, ಒಬ್ಬೊಬ್ಬರ ಬಳಿಯೂ ಅರಸ ನಿಲ್ಲಬೇಕು. ಹಗೆಯ ಮಗನಾದ ಅಭಿಮನ್ಯುವಿನ ಹೆಣದ ಮುಂದೂ ನಿಂತು ಕೈಮುಗಿಯಬೇಕು. ಕಥೆ ನಿಂತಿತೆ? ಇಲ್ಲ, ಅಲ್ಲಿಂದಲೇ ಅದಕ್ಕೆ ಪ್ರಾಣ ಬಂದಿತು. ಪಂಪನೂ ಅರಿಕೇಸರಿಯ ಆಸ್ಥಾನದಲ್ಲಿ ಕವಿಯೂ ಕಲಿಯೂ ಆಗಿದ್ದವನು. ಯುದ್ಧದ ಕಥೆ ಕನ್ನಡಕ್ಕೆ ಹೊಸದೂ ಅಲ್ಲ, ಹೊರಗಿನದೂ ಅಲ್ಲ.

ನಮ್ಮ ಹಳ್ಳಿಗಳ ಹೊಲದ ಬದುವಿನಲ್ಲಿ, ಗುಡಿಯ ಹಿಂದೆ ಕಾಣುವ ವೀರಗಲ್ಲುಗಳನ್ನು ನೆನೆಯಿರಿ. ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಸ್ವರ್ಗ. ಮೂರೇ ಹೆಜ್ಜೆಯಲ್ಲಿ ಮುಗಿಯುವ ರೋಮಾಂಚಕ ಕಥೆ ಅದು. ಮನೆಗೆ ಅಲ್ಲಿ ಪಟ್ಟಿಕೆಯಿಲ್ಲ. ಮನೆಯ ಕಥೆ ಬೇಕೆಂದರೆ ಆಚೆಗಿನ ಮಾಸ್ತಿಕಲ್ಲನ್ನು ನೋಡಬೇಕು. ಬಳೆ ತೊಟ್ಟ ಒಂದು ಕೈ ಮಾತ್ರ ಮೇಲೆದ್ದಿರುತ್ತದೆ. ಇಂದಿನ ಯುದ್ಧದ ಕಾದಂಬರಿಗಳಲ್ಲಿ ಬಹಳಷ್ಟು ಮೊದಲನೆಯ ಕಲ್ಲನ್ನು ಕೆತ್ತಿ ಎರಡನೆಯದನ್ನು ಮರೆತವು ಎಂದು ನನಗೆ ತೋರುತ್ತದೆ.

ಬಸ್ ನಿಲ್ದಾಣದ ಮಾತಾಗಿ ಕೆಲವು ದಿನಗಳ ಮೇಲೆ ಹುಡುಗನ ತಂದೆಯ ಮನೆಯ ಕಟ್ಟೆಯ ಮೇಲೆ ಕುಳಿತಿದ್ದೆ. ಮುಂದಿನದನ್ನು ಅವರ ಒಪ್ಪಿಗೆಯಿಂದಲೇ ಬರೆಯುತ್ತಿದ್ದೇನೆ. ಮಗನ ಓದಿನ ಮಾತು ಬಂದಿತು. ನೀವೇ ಏನಾದರೂ ಹೇಳಬಾರದೆ ಕಾಕಾ, ಎಂದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ಸಿಂದಗಿ ತಾಲೂಕಿನ ಒಬ್ಬ ಜೊತೆಗಾರನ ವಿಷಯ ಹೇಳಿದರು. ಗಡಿಯಲ್ಲಿ ಅವನು ಇವರ ಮಗ್ಗುಲಲ್ಲೇ ಸತ್ತ. ರಜೆಗೆ ಬಂದಾಗ ಇವರು ಅವನ ಊರಿಗೆ ಹೋದರು. ತಾಯಿ ಚಾಪೆ ಹಾಸಿ, ನೀರು ಕೊಟ್ಟಳು. ಯಾರು ಹೊಡೆದರು, ಹೇಗೆ ಸತ್ತ ಎಂದು ಏನೂ ಕೇಳಲಿಲ್ಲ. ಎದ್ದು ಬರುವಾಗ ಮಾತ್ರ, "ಆವತ್ತ ನನ್ನ ಮಗ ಉಂಡಿದ್ನೇನೊ ಯಪ್ಪಾ?" ಎಂದಳು.

"ಉಂಡಿದ್ದ ಯವ್ವಾ ಅಂದೆ ನೋಡ್ರಿ ಮಾಸ್ತರ್ರ" ಎಂದರು ಅವರು. "ಆವತ್ತ ನಾವ್ಯಾರೂ ಉಂಡಿದ್ದಿಲ್ಲ."

ಆ ಮುದುಕಿ ಇರುವವರೆಗೂ ಪ್ರತಿ ವರ್ಷ ರಜೆಯಲ್ಲಿ ಅವರು ಆ ಊರಿಗೆ ಹೋಗಿಬಂದರಂತೆ. ಬಂದೂಕು ಹಿಡಿದವನ ಕಟ್ಟಳೆಯನ್ನು ಪುಸ್ತಕದಲ್ಲಿ ಹುಡುಕುತ್ತಿದ್ದ ನಾನು ಅದನ್ನು ಪಕ್ಕದ ಮನೆಯ ಕಟ್ಟೆಯ ಮೇಲೆ ಕಂಡೆ. ಹೊಡೆದವರು ಇವರಲ್ಲ, ಆದರೂ ಗಾಯದ ಹಿಂದೆ ಅದು ಹೋದ ಮನೆಯವರೆಗೂ ನಡೆದರು.

ಬೇಟೆಗಾರರ ಕಟ್ಟಳೆಗಿರುವ ಎರಡನೆಯ ಕಾರಣವನ್ನು ನಾನು ಮರೆತಿಲ್ಲ. ಹಿಂಬಾಲಿಸದೆ ಬಿಟ್ಟ ಗಾಯ ಊರಿನ ಮೇಲೆ ಬೀಳುತ್ತದೆ. ಎಣಿಕೆಯಿಲ್ಲದ ಸಾವುಗಳನ್ನು ಪುಸ್ತಕದಲ್ಲಿಯೂ ಪರದೆಯ ಮೇಲೆಯೂ ಉಂಡು ಬೆಳೆದ ನಾವು, ಗಡಿಯಲ್ಲಿ ಸ್ವಲ್ಪ ಬಿಸಿಯಾದೊಡನೆ ಚಹಾದಂಗಡಿಯಲ್ಲಿ ಕುಳಿತು ಯುದ್ಧ ಬೇಕೆಂದು ಕೂಗುತ್ತೇವೆ. ಕೂಗುವವರ ಮಕ್ಕಳು ಹೆಚ್ಚಾಗಿ ಬೆಂಗಳೂರಿನ ಕಚೇರಿಗಳಲ್ಲಿರುತ್ತಾರೆ. ಹೋಗುವವರು ಎರಡೆಕರೆ ಹೊಲದವರ ಮಕ್ಕಳು. ವಿಜಯಪುರದಲ್ಲಿ 1963ರಲ್ಲಿ ಸೈನಿಕ ಶಾಲೆ ಸ್ಥಾಪನೆಯಾದಾಗ, ಚೀನಾದೊಡನೆ ನಡೆದ 1962ರ ಯುದ್ಧದ ನೋವು ದೇಶದಲ್ಲಿ ಹಸಿಯಾಗಿತ್ತು. ಆ ಯುದ್ಧದಲ್ಲಿ ಸೆರೆಸಿಕ್ಕ ಬ್ರಿಗೇಡಿಯರ್ ಜಾನ್ ದಳವಿ ಬರೆದ 'ಹಿಮಾಲಯನ್ ಬ್ಲಂಡರ್' ಗ್ರಂಥವನ್ನು ರವಿ ಬೆಳಗೆರೆಯವರು ಕನ್ನಡಕ್ಕೆ ತಂದರು. ತಕ್ಕ ಬಟ್ಟೆಯಿಲ್ಲದೆ, ಸಾಕಷ್ಟು ಮದ್ದುಗುಂಡಿಲ್ಲದೆ ಹಿಮದ ಬೆಟ್ಟಕ್ಕೆ ಹತ್ತಿಸಲಾದ ಸೈನಿಕರ ಲೆಕ್ಕವನ್ನು ಆ ಸೇನಾಧಿಕಾರಿ ಒಪ್ಪಿಸಿದ್ದಾರೆ. ಅದೂ ಋಣ ತೀರಿಸುವ ಬರವಣಿಗೆಯೇ. ಕುತೂಹಲದಲ್ಲಿ ಅದು ಯಾವ ಕಾದಂಬರಿಗೂ ಕಡಿಮೆಯಿಲ್ಲ.

ಆದ್ದರಿಂದ ಯುದ್ಧದ ಕಥೆ ಬರೆಯಬಾರದು ಎಂದು ನಾನು ಹೇಳಲಾರೆ; ಓದಬಾರದು ಎಂದಂತೂ ಹೇಳಲಾರೆ. ಸೈನಿಕನ ಬಾಳನ್ನು ಕಥೆಗೆ ತಕ್ಕುದೆಂದು ಎಣಿಸಿದ ಲೇಖಕ, ಅದನ್ನು ಎಣಿಸದೆ ಇರುವ ನಮ್ಮಂಥವರಿಗಿಂತ ಮೇಲು. ನಾನು ಕೇಳುವುದು ಇಷ್ಟೆ: ಗುಂಡು ಹಾರಿಸಿದ ಮೇಲೆ ಪುಟ ಮಗುಚಿ ಓಡಬೇಡಿ. ಹತ್ತು ಮಂದಿ ಸತ್ತರೆ ಒಬ್ಬನ ಹಿಂದಾದರೂ ಹೋಗಿ. ಅವನು ಶತ್ರುವಾದರೆ ಇನ್ನೂ ಒಳ್ಳೆಯದು.

ಹುಡುಗನಿಗೆ ನಾನು ಏನನ್ನೂ ಉಪದೇಶಿಸಲಿಲ್ಲ. 'ಗದಾಯುದ್ಧ'ದ ಒಂದು ಸರಳ ಗದ್ಯಾನುವಾದವನ್ನು ಮಾತ್ರ ಕೊಟ್ಟೆ. ತಿಂಗಳ ಮೇಲೆ ಅದನ್ನು ಹಿಂದಿರುಗಿಸಲು ಬಂದ. ಜೊತೆಗೆ ಆ ಹೆಲಿಕಾಪ್ಟರಿನ ಪುಸ್ತಕವೂ ಇತ್ತು. ಅದನ್ನು ಎರಡನೆಯ ಸಲ ಓದಿದನಂತೆ.

"ಇಪ್ಪತ್ತಮೂರು ಮಂದಿ ಸತ್ತಾರ್ರಿ ಸರ" ಎಂದ. "ಹತ್ತೊಂಬತ್ತು ಮಂದಿಗೆ ಹೆಸರಽ ಇಲ್ಲ."

ಸೈನ್ಯದ ಆಸೆ ಬಿಟ್ಟೆಯಾ ಎಂದು ಕೇಳಿದೆ. ಇಲ್ಲವೆಂದು ತಲೆಯಾಡಿಸಿದ. ಬಿಡಬೇಕೆಂದು ನನ್ನ ಇಚ್ಛೆಯೂ ಇರಲಿಲ್ಲ. ಮರುದಿನ ಬೆಳಗಿನ ಜಾವ ಮುದ್ದೇಬಿಹಾಳದ ರಸ್ತೆಯಲ್ಲಿ ಎಂದಿನಂತೆ ಓಡುತ್ತಿದ್ದ. ಆ ದಿನ ಅವನ ಹಿಂದೆ, ಸ್ವಲ್ಪ ದೂರದಲ್ಲಿ, ಅವನ ತಂದೆಯೂ ನಡೆಯುತ್ತ ಬರುತ್ತಿದ್ದರು.